ಹಳೇ ಫ್ಲೈ ಕಿಟ್ ಸಿಕ್ಕಿದೆ, ಏನ್ ಮಾಡ್ಲಿ?

ಪ್ರಶ್ನೆ: ಹಳೇ ಸಾಮಾನಿನ ಜೊತೆ ಒಂದು ಮರದ ಪೆಟ್ಟಿಗೆ ಸಿಕ್ತು ಸಾರ್, ಒಳಗೆ ಪುಟ್ಟ ವೈಸ್ (ಕೊಕ್ಕೆನ ಬಿಗಿಯಾಗಿ ಹಿಡಿಯೋ ಸಾಧನ), ರೇಷ್ಮೆ ದಾರ, ಹಕ್ಕಿ ಗರಿಗಳು, ದಾರ ಪೋಣಿಸೋಕೆ ಕಣ್ಣೇ ಇಲ್ದಿರೋ ಗಾಳದ ಕೊಕ್ಕೆಗಳು. ಟ್ರೌಟ್ ಮೀನು ಹಿಡಿಯೋಕೆ ಫ್ಲೈ ಅನ್ನೋ ನಕಲಿ ಹುಳ ಕಟ್ಟೋ ಕಿಟ್ ಅಂತಾರೆ. ಕೊಕ್ಕೆ ಎಲ್ಲಾ ಡಿಫೆಕ್ಟಾ?

ಉತ್ತರ: ಡಿಫೆಕ್ಟ್ ಅಲ್ಲ ಮಾರಾಯ್ರೆ, ಪೆಟ್ಟಿಗೆ ಹಳೇದು ಅನ್ನೋಕೆ ಅದೇ ಗುರುತು! 19ನೇ ಶತಮಾನದ ಕೊನೇಲಿ ಕಣ್ಣಿರೋ ಕೊಕ್ಕೆ ಚೆನ್ನಾಗಿ ಬಳಕೆಗೆ ಬರೋವರೆಗೂ ರೇಷ್ಮೆ ಹುಳದಿಂದ ತೆಗೆದ ಗಟ್ ಅನ್ನೋ ಎಳೆನ ಕೊಕ್ಕೆಯ ಕಾಂಡಕ್ಕೇ ಸೇರಿಸಿ ದಾರ ಸುತ್ತಿಬಿಡ್ತಿದ್ರು. ಆ ಗಟ್ ಹಳೇದಾದ್ರೆ ಒಣಗಿ ಪಟ್ ಅಂತ ಮುರಿಯುತ್ತೆ, ಹಾಗಾಗಿ ಕಟ್ಟಿರೋ ಫ್ಲೈ ಇದ್ರೆ ನೀರಿಗೆ ಬಿಡ್ಬೇಡಿ, ನೋಡಿ ಖುಷಿಪಡಿ ಅಷ್ಟೇ.

ಹಳದಿ ರೇಷ್ಮೆ ಇದ್ಯಾ? ಹಾಗಿದ್ರೆ ಗ್ರೀನ್‌ವೆಲ್ಸ್ ಗ್ಲೋರಿ ಅನ್ನೋ ಹಳೇ ಫ್ಲೈ ಕಟ್ಟಿ ನೋಡಿ. 1854ರಲ್ಲಿ ಸ್ಕಾಟ್ಲೆಂಡಿನ ಟ್ವೀಡ್ ನದಿ ಹತ್ರ ಪಾದ್ರಿ ವಿಲಿಯಂ ಗ್ರೀನ್‌ವೆಲ್ ಅವ್ರಿಗೋಸ್ಕರ ಜೇಮ್ಸ್ ರೈಟ್ ಕಟ್ಟಿದ್ದು, ರೆಕ್ಕೆಗೆ ಬ್ಲ್ಯಾಕ್‌ಬರ್ಡ್ ಗರಿ, ಮೈಗೆ ಬರೀ ಹಳದಿ ದಾರ. ಮಜಾ ಇರೋದು ಮೇಣದಲ್ಲಿ: ಚಮ್ಮಾರರ ಕಪ್ಪು ಮೇಣದ ಮೇಲೆ ದಾರ ಎಳೆದ್ರೆ ಹಳದಿ ಹೋಗಿ ಮಂಕು ಆಲಿವ್ ಬಣ್ಣ ಬರುತ್ತೆ, ನೀರಿನ ಮೇಲೆ ಹಾರೋ ಮೇಫ್ಲೈ ಅನ್ನೋ ನಿಜವಾದ ಹುಳದ ಮೈಬಣ್ಣ ಹೆಚ್ಚುಕಮ್ಮಿ ಅದೇ. ಇವತ್ತಿನ ಮಿಣಮಿಣ ಪ್ಲಾಸ್ಟಿಕ್ ಎಳೆಗಳಿಗೆ ಆ ಮಂಕು ಬರಲ್ಲ, ನನ್ನ ಪ್ರಕಾರ.

ಕಟ್ಟೋ ಮುಂಚೆ ದಾರ ಎಳೆದು ನೋಡಿ, ಪುಸುಕ್ ಅಂದ್ರೆ ಹೊಸದು ತಗೊಳ್ಳಿ. ಗರಿಗಳಿಗೆ ನುಸಿ ಹಿಡಿದಿರ್ಬಹುದು, ಜಿಪ್ ಕವರ್‌ಗೆ ಹಾಕಿ ಕೆಲವು ದಿನ ಫ್ರೀಜರಲ್ಲಿಡಿ. ಹಳೇ ಹಕ್ಕಿ ಚರ್ಮಕ್ಕೆ ಕೆಲವೊಮ್ಮೆ ಆರ್ಸೆನಿಕ್ ಹಾಕಿರ್ತಿದ್ರು, ಗ್ಲೌಸ್ ಹಾಕ್ಕೊಂಡೇ ಮುಟ್ಟಿ, ಮಕ್ಕಳ ಕೈಗೆ ಕೊಡ್ಬೇಡಿ.