ಪಾಠ ಮುಗಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತಿದೆ ಎಂದು ಕೇಳಿದ ಮೇಡಂಗೆ

ಮೇಡಂ, ನಮಸ್ಕಾರ. ಬೆಳಗ್ಗೆ ಸ್ಕೂಲಿನಲ್ಲಿ ಡ್ರಮ್ಸ್ ಕ್ಲಾಸು, ಸಂಜೆ ಮನೆಯಲ್ಲಿ ಮೃದಂಗದ ಪಾಠ, ತಿಂಗಳಿಗೆ ಎರಡು ಮೂರು ಸಂಗೀತ ಕಚೇರಿ ಎಂದು ಬರೆದಿದ್ದೀರಿ. ಎರಡು ತಿಂಗಳಿಂದ ರಾತ್ರಿ ಮಲಗಿದಾಗ ಕಿವಿಯಲ್ಲಿ ಸಣ್ಣಗೆ ಕುಂಯ್ ಅನ್ನುತ್ತದೆ, ಬೆಳಗಾಗುವ ಹೊತ್ತಿಗೆ ಹೋಗಿರುತ್ತದೆ, ಕಚೇರಿ ಕಮ್ಮಿ ಮಾಡಬೇಕಾ, ಹತ್ತಿ ಇಟ್ಟುಕೊಂಡರೆ ಸಾಕಾ ಅಂತ ಕೇಳಿದ್ದೀರಿ. ನಾನು ಹನುಮಂತನಗರದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಮೃದಂಗ ಹೇಳಿಕೊಡುತ್ತಿದ್ದೇನೆ. ನನಗೂ ಹೀಗೇ ಶುರುವಾಗಿದ್ದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಓದಿ.

ನಿಮ್ಮ ಪ್ರಶ್ನೆಗೆ ಯಾರೋ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಹಾಕಿ ಅಂದಿದ್ದಾರೆ. ದಯವಿಟ್ಟು ಹಾಕಬೇಡಿ. ಸದ್ದಿನಿಂದ ಪೆಟ್ಟು ಬೀಳುವುದು ಒಳಕಿವಿಗೆ. ಎಣ್ಣೆ ಕಿವಿ ತಮಟೆಯಿಂದ ಈಚೆಗೇ ನಿಲ್ಲುತ್ತದೆ. ತಮಟೆಯಲ್ಲಿ ಎಲ್ಲಾದರೂ ತೂತು ಇದ್ದರೆ ಸೋಂಕು ಬೇರೆ ಆಗುತ್ತದೆ. ಹತ್ತಿಯೂ ಅಷ್ಟೇ, ಇಟ್ಟುಕೊಂಡ ಸಮಾಧಾನ ಬಿಟ್ಟರೆ ಸದ್ದು ತಡೆಯುವುದು ಬಹಳ ಕಮ್ಮಿ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಭಾಗ ಇದೆ. ಅದರೊಳಗೆ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲು ಜೀವಕೋಶಗಳು. ಹುಟ್ಟುವಾಗ ಬಂದಷ್ಟೇ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿನಲ್ಲಿ ತುಂಬ ಹೊತ್ತು ಇದ್ದರೆ ಅವು ದಣಿಯುತ್ತವೆ. ಆಗ ಕಿವಿ ಕಟ್ಟಿದ ಹಾಗೆ, ಕುಂಯ್ ಅಂದ ಹಾಗೆ ಆಗುತ್ತದೆ. ರಾತ್ರಿ ಕಳೆದು ಸರಿ ಹೋಯಿತು ಅಂದುಕೊಳ್ಳುತ್ತೇವೆ. ದಿನಾ ದಣಿಸುತ್ತಾ ಹೋದರೆ ಒಂದು ದಿನ ಕೆಲವು ಏಳುವುದೇ ಇಲ್ಲ.

ನನಗೆ ಗೊತ್ತಾಗಿದ್ದು ನಲವತ್ಮೂರನೇ ವಯಸ್ಸಿನಲ್ಲಿ. ಮಕ್ಕಳು ಸೊಲ್ಲು, ಅಂದರೆ ಮೃದಂಗದ ಏಟುಗಳನ್ನು ಬಾಯಲ್ಲಿ ನುಡಿಯುವ ಅಕ್ಷರಗಳನ್ನು, ಹೇಳುವಾಗ 'ತಕಿಟ' ಅಂದರೋ 'ತರಿಕಿಟ' ಅಂದರೋ ತಿಳಿಯದೆ ಬಾಯಿ ನೋಡತೊಡಗಿದ್ದೆ. ತ, ಕ, ಸ ಇಂಥ ಅಕ್ಷರಗಳ ಚೂಪು ಇರುವುದು ಮೇಲಿನ ಸ್ವರಗಳಲ್ಲಿ. ಸದ್ದು ಮೊದಲು ತಿನ್ನುವುದು ಅದನ್ನೇ. ಕಿವಿ ಪರೀಕ್ಷೆ ಮಾಡಿಸಿದಾಗ 4000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಹತ್ತಿರ ನಕ್ಷೆಯ ಗೆರೆ ಗುಂಡಿಯ ಹಾಗೆ ಕೆಳಗಿಳಿದಿತ್ತು. ಸದ್ದಿನ ಪೆಟ್ಟಿನ ಗುರುತು ಅದು. ತಗ್ಗಿನ ಸ್ವರಗಳೆಲ್ಲ ಚೆನ್ನಾಗಿದ್ದವು. ಅದಕ್ಕೇ ಅಷ್ಟು ವರ್ಷ ಶ್ರುತಿ ಸೇರಿಸುವುದಕ್ಕೆ ತೊಂದರೆ ಆಗಿರಲಿಲ್ಲ, ನನಗೂ ಅನುಮಾನ ಬಂದಿರಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಚೇರಿ ಕಮ್ಮಿ ಮಾಡಬೇಡಿ. ನಿಮ್ಮ ಕಿವಿ ತಿನ್ನುತ್ತಿರುವುದು ಕಚೇರಿ ಅಲ್ಲ, ಪಾಠದ ಕೋಣೆ. ಲೆಕ್ಕ ನೋಡಿ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ ಹೀಗಿದೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. 3 ಅಂದರೆ ಸಣ್ಣ ಅಂಕಿ ಅನ್ನಿಸುತ್ತದೆ, ಆದರೆ ಅಷ್ಟು ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗಿರುತ್ತದೆ.

ನನ್ನ ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಯಲ್ಲಿ ಐದು ಮಕ್ಕಳು ಒಟ್ಟಿಗೆ ನುಡಿಸುವಾಗ ಫೋನಿನಲ್ಲಿ ಸದ್ದು ಅಳೆಯುವ ಮೀಟರ್ ಇಟ್ಟು ನೋಡಿದೆ. ಸರಾಸರಿ 93 ತೋರಿಸಿತು. ಅದರಲ್ಲಿ ದಿನಾ ಮೂರು ಗಂಟೆ ಕೂರುತ್ತಿದ್ದೆ. ಕಚೇರಿಯಲ್ಲಿ ಪಲ್ಲವಿ, ರಾಗ, ಬರೀ ತಾಳವಾದ್ಯ ನುಡಿಯುವ ತನಿ ಅಂತ ಸದ್ದು ಏರಿಳಿಯುತ್ತದೆ, ನಡುವೆ ಕೈ ಬಿಟ್ಟು ಕೂರುವ ಹೊತ್ತೂ ಇರುತ್ತದೆ. ಪಾಠದಲ್ಲಿ ಬಿಡುವೇ ಇಲ್ಲ. ಒಂದು ಬ್ಯಾಚು ಎದ್ದರೆ ಇನ್ನೊಂದು ಕೂರುತ್ತದೆ. ನಿಮಗೆ ಅದರ ಮೇಲೆ ಸ್ಕೂಲಿನ ಡ್ರಮ್ಸ್. ಸಣ್ಣ ಕೋಣೆಯಲ್ಲಿ ಡ್ರಮ್ ಕಿಟ್ ಇಟ್ಟು ಹೊಡೆದರೆ 100 ದಾಟುವುದು ಸುಲಭ. ಮನೆಯ ಮೊದಲ ಬ್ಯಾಚು ಬರುವ ಮೊದಲೇ ನಿಮ್ಮ ದಿನದ ಪಾಲು ಮುಗಿದಿರುತ್ತದೆ.

ನೀವೂ ಅಳೆದು ನೋಡಿ. ಐಫೋನ್ ಇದ್ದರೆ ನಿಯೋಶ್ ಅವರದೇ ಆ್ಯಪ್ ಉಚಿತವಾಗಿ ಸಿಗುತ್ತದೆ. ಆ್ಯಂಡ್ರಾಯ್ಡ್ ಆದರೆ ಅಂಕಿ ಸ್ವಲ್ಪ ಹೆಚ್ಚು ಕಮ್ಮಿ ಬರಬಹುದು, ಅಂದಾಜಿಗೆ ಸಾಕು. ಫೋನನ್ನು ನಿಮ್ಮ ಕಿವಿಯ ಎತ್ತರದಲ್ಲಿಡಿ. ಗರಿಷ್ಠ ಅಂಕಿ ಬೇಡ, ಹದಿನೈದು ನಿಮಿಷದ ಸರಾಸರಿ ನೋಡಿ.

ಇಯರ್‌ಪ್ಲಗ್ ಕೊಳ್ಳುವ ಮೊದಲು ಸದ್ದನ್ನೇ ಕಮ್ಮಿ ಮಾಡುವುದು ಒಳ್ಳೆಯದು. ಇದಕ್ಕೆ ನಮ್ಮ ಸಂಪ್ರದಾಯದಲ್ಲೇ ಒಂದು ದಾರಿ ಇದೆ ಅಲ್ವಾ, ಕೊನ್ನಕ್ಕೋಲು, ಸೊಲ್ಲನ್ನು ವಾದ್ಯವಿಲ್ಲದೆ ಬಾಯಲ್ಲೇ ನುಡಿಯುವುದು! ಈಗ ನಾನು ಹೊಸ ಪಾಠವನ್ನು ಪೂರ್ತಿ ಬಾಯಲ್ಲೇ ಹೇಳಿಸುತ್ತೇನೆ. ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲು. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ತಪ್ಪಿಲ್ಲದೆ ಬಂದ ಮೇಲೆಯೇ ವಾದ್ಯ. ಒಂದು ಗಂಟೆಯ ಪಾಠದಲ್ಲಿ ಮೃದಂಗ ನುಡಿಯುವುದು ಇಪ್ಪತ್ತೈದು ನಿಮಿಷ ಅಷ್ಟೇ. ಮಕ್ಕಳ ಲಯ ಮೊದಲಿಗಿಂತ ಗಟ್ಟಿಯಾಗಿದೆ, ಇದನ್ನು ಮನಸ್ಸಾರೆ ಹೇಳುತ್ತಿದ್ದೇನೆ. ನುಡಿಸುವಾಗಲೂ ಐವರು ಒಟ್ಟಿಗೆ ಬೇಡ. ಇಬ್ಬರು ನುಡಿಸಲಿ, ಉಳಿದ ಮೂವರು ತಾಳ ಹಾಕಲಿ. ಐದರಿಂದ ಎರಡಕ್ಕೆ ಇಳಿದರೆ ಸುಮಾರು 4 ಡೆಸಿಬೆಲ್ ಕಮ್ಮಿ. ಅಂದರೆ ನೀವು ಕೂರಬಹುದಾದ ಹೊತ್ತು ಎರಡರಷ್ಟಕ್ಕಿಂತ ಜಾಸ್ತಿ. ಯಾರ ಚಾಪು ಏಟು ಸರಿಯಾಗಿ ಬೀಳುತ್ತಿಲ್ಲ ಎನ್ನುವುದೂ ಆಗ ಚೆನ್ನಾಗಿ ಕೇಳುತ್ತದೆ.

ಕೋಣೆಯ ವಿಷಯ. ಬೆಂಗಳೂರಿನ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ಗೋಡೆ ಬೋಳು, ಕಿಟಕಿಗೆ ಗಾಜು. ಹೊಡೆದ ಏಟು ಅಲ್ಲೇ ತಿರುಗಿ ತಿರುಗಿ ಬರುತ್ತದೆ. ದಪ್ಪ ಜಮಖಾನ ಹಾಸಿ, ಎರಡು ಗೋಡೆಗೆ ಭಾರದ ಪರದೆ ಇಳಿಬಿಡಿ. ಹತ್ತಿ ಹಾಸಿಗೆ ಇದ್ದರೆ ಗೋಡೆಗೆ ಒರಗಿಸಿ ನಿಲ್ಲಿಸಿ. ಮೃದಂಗದ ಬಲಮುಖದ ಚೂಪು ಸದ್ದು ಇದರಿಂದ ತಗ್ಗುತ್ತದೆ. ಎಡಮುಖದ ಗುಂಕಾರ ಅಷ್ಟಾಗಿ ತಗ್ಗುವುದಿಲ್ಲ, ಆದರೆ ಕಿವಿಗೆ ಜಾಸ್ತಿ ಅಪಾಯ ಚೂಪಿನಿಂದಲೇ. ಮೊಟ್ಟೆ ಟ್ರೇ ಅಂಟಿಸುವುದಕ್ಕೆ ಹೋಗಬೇಡಿ, ಉಪಯೋಗ ಇಲ್ಲ. ನೀವು ಮೂಲೆಗೆ ಬೆನ್ನು ಕೊಟ್ಟು ಕೂರುತ್ತಿದ್ದರೆ ಆ ಜಾಗವನ್ನೂ ಬದಲಿಸಿ, ಸದ್ದು ಅಲ್ಲಿ ಕೂಡಿಕೊಳ್ಳುತ್ತದೆ.

ಸ್ಕೂಲಿನಲ್ಲಿ ಡ್ರಮ್ಸ್‌ಗೆ ಜಾಲರಿಯ ಮೆಶ್ ಹೆಡ್, ತೂತು ತೂತಿನ ಕಮ್ಮಿ ಸದ್ದಿನ ಸಿಂಬಲ್ ಸಿಗುತ್ತವೆ. ಸ್ಕೂಲಿನವರು ಕೊಡಿಸದಿದ್ದರೆ ಪ್ರಾಕ್ಟೀಸ್ ಪ್ಯಾಡ್ ಸಾಕು, ಅದೂ ಇಲ್ಲದಿದ್ದರೆ ಡ್ರಮ್ ಮೇಲೆ ಟವೆಲ್ ಹಾಸಿ. ನಾನು ಹೋಗುತ್ತಿದ್ದ ಒಂದು ಸ್ಕೂಲಿನಲ್ಲಿ ನೆಲಮಾಳಿಗೆಯ ಕೋಣೆ ಕೊಟ್ಟಿದ್ದರು. ಎರಡು ಸಲ ಬಾಯಲ್ಲಿ ಹೇಳಿದರೆ ಯಾರೂ ಕೇಳಲಿಲ್ಲ. ಒಂದು ವಾರದ ಅಂಕಿ ಬರೆದು, ಮಕ್ಕಳ ಕಿವಿಯ ಮಾತೂ ಸೇರಿಸಿ ಪತ್ರ ಕೊಟ್ಟ ಮೇಲೆ ಕೋಣೆ ಬದಲಿಸಿದರು. ನೀವೂ ಬರವಣಿಗೆಯಲ್ಲಿ ಕೊಡಿ. ಮಕ್ಕಳು ತಾವಾಗಿ ಕಿವಿ ನೋವು ಅಂತ ಹೇಳುವುದಿಲ್ಲ, ಮೇಷ್ಟ್ರು ಬೈತಾರೆ ಅಂತ ಸುಮ್ಮನಿರುತ್ತಾರೆ. ಅವರಿಗೆ ಕಿವಿ ಮುಚ್ಚುವ ಇಯರ್‌ಮಫ್ ಒಳ್ಳೆಯದು. ಎಸ್.ಜೆ.ಪಿ. ರಸ್ತೆ ಕಡೆ ಸೇಫ್ಟಿ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ.

ಇನ್ನು ಇಯರ್‌ಪ್ಲಗ್. ಫೋಮ್ ಪ್ಲಗ್ ಕಮ್ಮಿ ಬೆಲೆ, ಚೆನ್ನಾಗಿ ತಡೆಯುತ್ತದೆ. ಆದರೆ ಮೇಲಿನ ಸ್ವರಗಳನ್ನು ಜಾಸ್ತಿ ಕತ್ತರಿಸುವುದರಿಂದ ಎಲ್ಲ ಮಂಕಾಗಿ, ಮೀಟು ಯಾವುದು ಚಾಪು ಯಾವುದು ತಿಳಿಯುವುದಿಲ್ಲ. ಪಾಠಕ್ಕೆ ಬೇಕಾದದ್ದು ಸಂಗೀತಗಾರರಿಗೇ ಮಾಡಿದ ಪ್ಲಗ್. ಅದು ಎಲ್ಲ ಸ್ವರವನ್ನೂ ಹೆಚ್ಚು ಕಮ್ಮಿ ಒಂದೇ ಸಮ ಇಳಿಸುತ್ತದೆ. ಎಟಿಮೋಟಿಕ್ ಕಂಪನಿಯ ಥರದ ರೆಡಿ ಪ್ಲಗ್ ಆನ್‌ಲೈನಿನಲ್ಲಿ ಸಿಗುತ್ತದೆ. ಇದಕ್ಕಿಂತ ಒಳ್ಳೆಯದು, ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿಸಿಕೊಡುವುದು. ಅದಕ್ಕೆ 9, 15, 25 ಡೆಸಿಬೆಲ್‌ನ ಫಿಲ್ಟರ್ ಹಾಕಬಹುದು. ಪಾಠಕ್ಕೆ 15 ಸರಿ. ಸರಿಯಾಗಿ ಕೂತರೆ 93 ಇದ್ದದ್ದು 78ಕ್ಕೆ ಬರುತ್ತದೆ. ಡ್ರಮ್ಸ್‌ಗೆ 25 ಬೇಕಾಗಬಹುದು. ಅಚ್ಚು ಆಳವಾಗಿ ತೆಗೆಯಲು ಹೇಳಿ. ಮೇಲೆಮೇಲೆ ತೆಗೆದರೆ ನಿಮ್ಮ ದನಿ ನಿಮಗೇ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತದೆ, ಸೊಲ್ಲು ಹೇಳಿಕೊಡುವವರಿಗೆ ಅದು ಹಿಂಸೆ.

ಒಂದು ಎಚ್ಚರಿಕೆ. ಪ್ಲಗ್ ಹಾಕಿದ ಹೊಸದರಲ್ಲಿ ನಾದ ಸಾಲದು ಅನ್ನಿಸಿ ನಮಗೇ ಗೊತ್ತಿಲ್ಲದೆ ಜೋರಾಗಿ ಹೊಡೆಯುತ್ತೇವೆ. ನನಗೆ ಮೊದಲ ತಿಂಗಳು ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಮೊದಲ ಎರಡು ವಾರ ಮಕ್ಕಳು ನುಡಿಸುವುದನ್ನು ಕೇಳುವಾಗ ಮಾತ್ರ ಹಾಕಿಕೊಳ್ಳಿ. ಆಮೇಲೆ ನಿಮ್ಮ ಸಾಧಕಕ್ಕೆ, ಅಂದರೆ ಅಭ್ಯಾಸಕ್ಕೆ, ಕೊನೆಗೆ ಕಚೇರಿಗೆ.

ಕಚೇರಿಯಲ್ಲಿ ನನ್ನ ಬೇಡಿಕೆ ಒಂದೇ, ಫೀಡ್‌ಬ್ಯಾಕ್ ಸ್ಪೀಕರ್, ಅಂದರೆ ನಮ್ಮ ಸದ್ದು ನಮಗೇ ಕೇಳಲು ವೇದಿಕೆಯಲ್ಲಿಡುವ ಸ್ಪೀಕರ್, ಕಿವಿಗೆ ನೇರ ಇರಬಾರದು. ಒಬ್ಬರು ಏರಿಸಿ ಅಂದರೆ ಇನ್ನೊಬ್ಬರೂ ಏರಿಸಿ ಅನ್ನುತ್ತಾರೆ, ಅದಕ್ಕೆ ಕೊನೆಯೇ ಇಲ್ಲ. ಮೈಕಿನವರಿಗೆ ಶುರುವಿನಲ್ಲೇ ಹೇಳಿಬಿಡಿ. ರಾಮನವಮಿ ಪೆಂಡಾಲುಗಳ ಕಾಲದಲ್ಲಿ ವಾರಕ್ಕೆ ಮೂರು ನಾಲ್ಕು ಕಚೇರಿ ಬರುತ್ತವೆ. ಆ ತಿಂಗಳು ನಾನು ಗುಂಪು ಪಾಠ ಅರ್ಧಕ್ಕೆ ಇಳಿಸಿ, ಬರೀ ತಾಳದ ಲೆಕ್ಕ, ಕೋರ್ವೆ (ಮುಕ್ತಾಯದ ಲಯ ಜೋಡಣೆ) ಬರೆಸುತ್ತೇನೆ.

ಸಂಗೀತ ಗಲಾಟೆ ಅಲ್ಲ, ಅದರಿಂದ ಕಿವಿ ಹೋಗುವುದಿಲ್ಲ ಎಂದು ನಿಮ್ಮ ಪ್ರಶ್ನೆಗೆ ಹಿರಿಯರೊಬ್ಬರು ಉತ್ತರ ಬರೆದಿದ್ದಾರೆ. ಗೌರವದಿಂದಲೇ ಹೇಳುತ್ತೇನೆ, ಕಿವಿಗೆ ಆ ಭೇದ ಇಲ್ಲ. ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ 2012ರಲ್ಲಿ ತುತ್ತೂರಿಗಳ ಮುಂದೆ ಕೂತು ರಿಹರ್ಸಲ್ ಮಾಡಿದ ಒಬ್ಬ ವಯೋಲಾ ವಾದಕರ ಕಿವಿ ಕೆಟ್ಟಿತು. 2018ರಲ್ಲಿ ಅಲ್ಲಿನ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು.

ಪಾಠ ಇಲ್ಲದ ಹೊತ್ತಿನಲ್ಲಿ ಕಿವಿಗೆ ಬಿಡುವು ಕೊಡಿ. ಬೈಕಿನಲ್ಲೋ ಮೆಟ್ರೋದಲ್ಲೋ ಹೊರಗಿನ ಗದ್ದಲ ಮೀರಿಸಲು ಇಯರ್‌ಫೋನ್ ಏರಿಸುವುದು ನಿಲ್ಲಿಸಿ. ಅದೂ ದಿನದ ಲೆಕ್ಕಕ್ಕೇ ಸೇರುತ್ತದೆ.

ಈ ವಾರವೇ ಆಡಿಯೋಗ್ರಾಂ, ಅಂದರೆ ಕಿವಿ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿ. ಭಾನುವಾರ ಪೂರ್ತಿ ಸದ್ದಿಲ್ಲದೆ ಇದ್ದು ಸೋಮವಾರ ಬೆಳಗ್ಗೆ ಹೋಗಿ. ಪಾಠ ಮುಗಿಸಿಕೊಂಡು ಹೋದರೆ ದಣಿದ ಕಿವಿಯ ಲೆಕ್ಕ ಬರುತ್ತದೆ. 3000 ಮತ್ತು 6000 ಹರ್ಟ್ಸ್ ಸಹ ನೋಡಿ ಅಂತ ಕೇಳಿ, ಕೆಲವು ಕಡೆ ಬಿಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಈ ಕಿವಿ ಪರೀಕ್ಷೆಯ ವಿಭಾಗ ಇದೆ. ಮೈಸೂರಿಗೆ ಹೋಗುವುದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಕಾಗದ ಜೋಪಾನ ಮಾಡಿ, ವರ್ಷಕ್ಕೊಮ್ಮೆ ಮಾಡಿಸಿ ಹಳೆಯದರ ಜೊತೆ ಇಟ್ಟು ನೋಡಿ. ಬೇರೆ ಕಾಯಿಲೆಗೆ ಅಮಿಕಾಸಿನ್, ಜೆಂಟಾಮೈಸಿನ್ ಥರದ ಇಂಜೆಕ್ಷನ್ ಕೊಡುವುದಾದರೆ ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಹೇಳಿ, ಇವು ಕಿವಿಗೆ ಪೆಟ್ಟು ಕೊಡಬಲ್ಲ ಔಷಧಿಗಳು.

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ನೆಗಡಿ ಇರಬಹುದು ಅಂತ ಕಾಯಬೇಡಿ. ಅದೇ ದಿನ ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಜಾಸ್ತಿ.

ಪರೀಕ್ಷೆ ಆದ ಮೇಲೆ 4000ರ ಅಂಕಿ ಎಷ್ಟು ಬಂತು ಇಲ್ಲಿ ಹಾಕಿ. ನನ್ನ ಪ್ಲಗ್, ಕೋಣೆ ನೋಡಬೇಕು ಅಂದರೆ ಯಾವ ಭಾನುವಾರ ಬೇಕಾದರೂ ಹತ್ತು ಗಂಟೆ ಪಾಠಕ್ಕೆ ಬನ್ನಿ, ಮಕ್ಕಳು ಬಾಯಲ್ಲಿ ಹೇಳುವುದನ್ನೂ ಕೇಳಬಹುದು.