ಸೋಮವಾರ ಕಸ ಗುಡಿಸುವವರು ಯಾರು?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ, ದುಡ್ಡಿನ ಬಗ್ಗೆ ಒಂದೇ ಒಂದು ಕಾದಂಬರಿ ಓದುವುದಾದರೆ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಓದಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಓದದವರಿಗಾಗಿ ನಾಲ್ಕು ಸಾಲು. ಅಮೆರಿಕದ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದದ್ದು, 1925ರಲ್ಲಿ ಬಂದದ್ದು. ಕತೆ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ. ಬಡ ರೈತನ ಮಗ ಜೇಮ್ಸ್ ಗ್ಯಾಟ್ಜ್ ಹೆಸರು ಬದಲಿಸಿಕೊಂಡು ಜೇ ಗ್ಯಾಟ್ಸ್‌ಬಿ ಆಗುತ್ತಾನೆ, ಕಳ್ಳದಾರಿಯಲ್ಲಿ ದುಡ್ಡು ಮಾಡಿ ಅರಮನೆಯಂಥ ಬಂಗಲೆ ಹಿಡಿಯುತ್ತಾನೆ. ಎಲ್ಲ ಐದು ವರ್ಷದ ಹಿಂದೆ ಕೈತಪ್ಪಿದ ಡೇಸಿಗಾಗಿ. ಅವಳಿಗೆ ಆಗಲೇ ಟಾಮ್ ಅನ್ನುವ ಹುಟ್ಟು ಶ್ರೀಮಂತನ ಜೊತೆ ಮದುವೆಯಾಗಿದೆ. ಟಾಮ್ ಇಟ್ಟುಕೊಂಡಿರುವುದು ಮರ್ಟಲ್‌ಳನ್ನು, ಗ್ಯಾರೇಜಿನ ವಿಲ್ಸನ್‌ನ ಹೆಂಡತಿ. ಕೊನೆಗೆ ಡೇಸಿ ಓಡಿಸುತ್ತಿದ್ದ ಗ್ಯಾಟ್ಸ್‌ಬಿಯ ಕಾರಿಗೆ ಸಿಕ್ಕು ಮರ್ಟಲ್ ಸಾಯುತ್ತಾಳೆ. ವಿಲ್ಸನ್ ಬಂದು ಗ್ಯಾಟ್ಸ್‌ಬಿಯನ್ನು ಗುಂಡಿಟ್ಟು ಕೊಂದು ತಾನೂ ಸಾಯುತ್ತಾನೆ. ಇದನ್ನೆಲ್ಲ ನಮಗೆ ಹೇಳುವವನು ಡೇಸಿಯ ದೂರದ ನೆಂಟ ನಿಕ್. ಕೊನೆ ಹೇಳಿಬಿಟ್ಟೆ ಅಂತ ಬೈಯಬೇಡಿ, ಇದು ಕೊನೆ ಗೊತ್ತಿದ್ದೂ ಓದಿಸಿಕೊಳ್ಳುವ ಪುಸ್ತಕ.

ಪ್ರಶ್ನೆ: ಮೇಡಂ, ಶ್ರೀಮಂತಿಕೆ, ದುರಾಸೆ ಮನುಷ್ಯರನ್ನು ಹೇಗೆ ಕೆಡಿಸುತ್ತವೆ ಅನ್ನುವುದೇ ಈ ಕಾದಂಬರಿ ಅಂತ ನಮ್ಮ ಸರ್ ನೋಟ್ಸ್ ಕೊಟ್ಟಿದ್ದಾರೆ. ಹಾಗಾದರೆ ಎಲ್ಲರಿಗಿಂತ ಜಾಸ್ತಿ ಆಸೆಬುರುಕ ಗ್ಯಾಟ್ಸ್‌ಬಿಯೇ ಅಲ್ವಾ? ಆದರೂ ಓದುವಾಗ ಅವನ ಮೇಲೆ ಸಿಟ್ಟೇ ಬರುವುದಿಲ್ಲ. ನಾನು ಓದಿದ್ದು ತಪ್ಪಾ? (ಬಿ.ಎ. ವಿದ್ಯಾರ್ಥಿನಿ, ಧಾರವಾಡ)

ತಪ್ಪಲ್ಲ ತಂಗಿ. ಆ ಬಾರದ ಸಿಟ್ಟನ್ನೇ ಗಟ್ಟಿಯಾಗಿ ಹಿಡಿದುಕೋ, ನೋಟ್ಸ್ ಆಮೇಲೆ.

ಗ್ಯಾಟ್ಸ್‌ಬಿ ಸಾಚಾ ಏನಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಔಷಧ ಅಂಗಡಿಗಳನ್ನು ಕೊಂಡು ಅವುಗಳ ಕೌಂಟರಿನಲ್ಲೇ ಕಳ್ಳತನದಿಂದ ಮದ್ಯ ಮಾರಿಸಿದವನು ಇವನು. ಇವನನ್ನು ಬೆಳೆಸಿದ ವುಲ್ಫ್‌ಶೈಮ್ ಅಂಗಿಯ ತೋಳಿಗೆ ಹಾಕುವ ಗುಂಡಿ ಯಾವುದರದ್ದು ಗೊತ್ತಾ? ಮನುಷ್ಯರ ದವಡೆ ಹಲ್ಲಿನದ್ದು! ಅಂಥವರ ಜೊತೆ ಕೂತು ಉಂಡವನು.

ಆದರೆ ಅವನು ದುಡ್ಡನ್ನು ಹೇಗೆ ಮುಟ್ಟುತ್ತಾನೆ ನೋಡು. ಡೇಸಿ ಮೊದಲ ಸಲ ಮನೆಗೆ ಬಂದಾಗ ಕಪಾಟು ತೆಗೆದು ಇಂಗ್ಲೆಂಡಿನಿಂದ ತರಿಸಿದ ಅಂಗಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಎಸೆಯುತ್ತಾ ಹೋಗುತ್ತಾನೆ, ಮಡಿಕೆ ಬಿಚ್ಚಿಕೊಂಡು ಬಣ್ಣದ ರಾಶಿ ಬೀಳುತ್ತದೆ, ಅವಳು ಅದರಲ್ಲಿ ಮುಖ ಹುದುಗಿಸಿ ಅಳುತ್ತಾಳೆ. ಆ ಅಂಗಿಗಳ ಮೇಲೆ ಅವನಿಗೇನೂ ಮೋಹ ಇಲ್ಲ. ಅವು ಒಬ್ಬಳನ್ನು ಮುಟ್ಟಲು ಇಟ್ಟ ಏಣಿಯ ಮೆಟ್ಟಿಲು. ಅವನು ಕೆಟ್ಟಿರುವುದು ಬೇರೆ ಕಡೆ. ದುಡ್ಡಿದ್ದರೆ ಹೋದ ಐದು ವರ್ಷವನ್ನೂ ವಾಪಸ್ ಕೊಳ್ಳಬಹುದು ಅಂತ ನಂಬಿದ್ದಾನಲ್ಲ, ಅಲ್ಲಿ.

ಪುಸ್ತಕದ ಸಿಟ್ಟು ಇರುವುದು ಟಾಮ್, ಡೇಸಿಯಂಥವರ ಮೇಲೆ. ಅವರು ದುರಾಸೆ ಪಡಬೇಕಾದ್ದೇ ಇಲ್ಲ, ಎಲ್ಲ ಆಗಲೇ ಇದೆ. ಅವರು ಒಡೆಯುತ್ತಾರೆ, ಇನ್ನೊಬ್ಬರು ಗುಡಿಸುತ್ತಾರೆ. ನಿಕ್ ಕೊನೆಯಲ್ಲಿ ಅವರಿಬ್ಬರ ಬಗ್ಗೆ ಬಳಸುವ ಮಾತಿಗೆ ನಮ್ಮ ಕಡೆಯ ‘ಬೇಫಿಕೀರ್’ ಸರಿಹೋಗುತ್ತದೆ. ಹಾಗಾಗಿ ಈ ಪುಸ್ತಕ ಓದುವಾಗ ಪ್ರತಿ ಅಧ್ಯಾಯದಲ್ಲೂ ಒಂದು ಪ್ರಶ್ನೆ ಕೇಳಿಕೋ, ಈಗ ಇಲ್ಲಿ ಬಿದ್ದದ್ದನ್ನು ಎತ್ತುವವರು ಯಾರು ಅಂತ. ಡೇಸಿಯ ಗೆಳತಿ ಜೋರ್ಡನ್ ಗಾಲ್ಫ್ ಪಂದ್ಯದಲ್ಲಿ ಚೆಂಡು ಸರಿಸಿದಳು ಅನ್ನುವ ಸಣ್ಣ ವಿಷಯವನ್ನೇ ತಗೋ. ಮಾತು ಪೇಪರ್‌ವರೆಗೂ ಹೋಗುವುದರಲ್ಲಿತ್ತು, ಆದರೆ ‘ನೋಡಿದೆ’ ಅಂದಿದ್ದ ಕೂಲಿ ಹುಡುಗ ಮಾತು ವಾಪಸ್ ತಗೊಂಡ. ಅವಳು ಆಟ ಮುಂದುವರಿಸಿದಳು.

ಪ್ರಶ್ನೆ: ನಾನು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮಗಳು ಕತೆ ಓದಿ ಹೇಳಿದಳು. ಗ್ಯಾಟ್ಸ್‌ಬಿ ಊರಿಗೆಲ್ಲ ಕರೆದು ಊಟ ಹಾಕುತ್ತಿದ್ದನಂತೆ. ದುಡ್ಡಿದ್ದವರು ಹಾಕಿದರೆ ಅದರಲ್ಲಿ ತಪ್ಪೇನಿದೆ? (ಬ್ಯಾಡಗಿ)

ತಪ್ಪೇನಿಲ್ಲ ಅಣ್ಣಾರೆ. ನನ್ನನ್ನು ಕರೆದಿದ್ದರೆ ನಾನೂ ಹೋಗುತ್ತಿದ್ದೆ.

ಆದರೆ ಆ ಪಾರ್ಟಿ ಬಗ್ಗೆ ಬರೆಯುವಾಗ ಲೇಖಕ ಹಾಡು ಕುಣಿತದ ವಿವರಕ್ಕೂ ಮೊದಲು ಹಣ್ಣಿನ ಲೆಕ್ಕ ಕೊಡುತ್ತಾನೆ. ನೀವು ಲೆಕ್ಕ ಬರೆಯುವವರು, ನಿಮಗೆ ಹಿಡಿಸುತ್ತದೆ. ಪ್ರತಿ ಶುಕ್ರವಾರ ನ್ಯೂಯಾರ್ಕಿನಿಂದ 5 ಪೆಟ್ಟಿಗೆ ಕಿತ್ತಳೆ, ನಿಂಬೆ ಬರುತ್ತಿತ್ತು. ಸೋಮವಾರ ಅದೇ ಹಣ್ಣು ರಸ ಹಿಂಡಿದ ಸಿಪ್ಪೆಯ ಗುಡ್ಡೆಯಾಗಿ ಹಿಂಬಾಗಿಲಿನಿಂದ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಒಂದು ಯಂತ್ರ, ಅರ್ಧ ತಾಸಿನಲ್ಲಿ 200 ಕಿತ್ತಳೆಯ ರಸ ತೆಗೆಯುತ್ತದೆ. ಆದರೆ ಅದಕ್ಕೆ ಆಳು ಹೆಬ್ಬೆರಳಿನಿಂದ ಒಂದು ಗುಂಡಿಯನ್ನು 200 ಸಲ ಒತ್ತಬೇಕು. ಇಡೀ ಪಾರ್ಟಿಯಲ್ಲಿ ಕುಣಿದವರ ಕಾಲು ನನಗೆ ನೆನಪಿಲ್ಲ, ಆ ಹೆಬ್ಬೆರಳು ನೆನಪಿದೆ.

ನಿಮ್ಮೂರಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ನೋಡಿರುತ್ತೀರಿ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ ಖಾರ ಕಡಿಮೆ ಅಂತ ನಾವು ತಿನ್ನುವವರು ಹೇಳುತ್ತೇವೆ, ದಿನಪೂರ್ತಿ ರಾಶಿ ಮುಂದೆ ಕೂತವರ ಬೆರಳನ್ನು ಕೇಳಬೇಕು. ಸಂಜೆ ಮಗುವನ್ನು ಎತ್ತಿಕೊಳ್ಳುವ ಮೊದಲು ಅವರು ಎಷ್ಟು ಸಲ ಕೈ ತೊಳೆಯುತ್ತಾರೆ ಅಂತ.

ಇನ್ನೊಂದು ವಿಷಯ. ಶ್ರೀಮಂತರ ಮನೆಗಳಿಂದ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಒಂದು ಬೂದಿ ಕಣಿವೆ ಬರುತ್ತದೆ, ವಿಲ್ಸನ್‌ನ ಗ್ಯಾರೇಜ್ ಇರುವುದು ಅಲ್ಲೇ. ಅದು ಬರೀ ಕಲ್ಪನೆಯಲ್ಲ. ಕ್ವೀನ್ಸ್ ಭಾಗದ ಕೊರೋನಾ ಅನ್ನುವ ಜಾಗದಲ್ಲಿ (ಹೌದು, ಹೆಸರು ಅದೇ, ನಗಬೇಡಿ) ನಗರದ ಒಲೆಗಳಲ್ಲಿ ಉರಿದ ಕಲ್ಲಿದ್ದಲಿನ ಬೂದಿಯನ್ನು ತಂದು ತಂದು ಸುರಿಯುತ್ತಿದ್ದರು. ಆಮೇಲೆ ಅದನ್ನು ಸಮ ಮಾಡಿ 1939ರ ವಿಶ್ವಮೇಳ ನಡೆಸಿದರು. ಅಂದರೆ ನಗರದ ಮನೆಗಳಲ್ಲಿ ಬೆಚ್ಚಗೆ ಇದ್ದವರ ಒಲೆಯ ಬೂದಿ ಬಂದು ಬೀಳುತ್ತಿದ್ದದ್ದು ವಿಲ್ಸನ್‌ನಂಥವರ ತಲೆ ಮೇಲೆ. ಕಾದಂಬರಿಯಲ್ಲಿ ಅವನ ಕೂದಲು, ಬಟ್ಟೆ ಎಲ್ಲ ಬೂದಿ ಬಣ್ಣವೇ.

ಪ್ರಶ್ನೆ: ಈಸ್ಟ್ ಎಗ್, ವೆಸ್ಟ್ ಎಗ್ ಅಂದರೆ ನಮ್ಮ ಧಾರವಾಡ, ಹುಬ್ಬಳ್ಳಿ ಇದ್ದ ಹಾಗಾ? (ಹುಬ್ಬಳ್ಳಿ)

ನನ್ನನ್ನು ಎರಡೂ ಊರಿನವರ ಕೈಯಲ್ಲಿ ಬೈಸಬೇಕು ಅಂತಾನಾ? ಅಲ್ಲ. ಎರಡರಲ್ಲೂ ಇರುವವರು ಶ್ರೀಮಂತರೇ, ನಡುವೆ ಒಂದು ತುಂಡು ಸಮುದ್ರ. ಟಾಮ್, ಡೇಸಿ ಇರುವ ಈಸ್ಟ್ ಎಗ್ ಅಂದರೆ ದೇಸಾಯರ ವಾಡೆ, ಗ್ಯಾಟ್ಸ್‌ಬಿ ಇರುವ ವೆಸ್ಟ್ ಎಗ್ ಅಂದರೆ ಹೊಸ ಲೇಔಟಿನ ಗಾಜಿನ ಬಂಗಲೆ. ವಾಡೆಯವರು ಬಂಗಲೆಯ ಊಟಕ್ಕೆ ಬರುತ್ತಾರೆ, ಉಣ್ಣುತ್ತಾರೆ, ವಾಪಸ್ ಹೋಗುವಾಗ ಮೂಗು ಮುರಿಯುತ್ತಾರೆ.

ಪ್ರಶ್ನೆ: ಹೊನ್ನು ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂತ ಅಲ್ಲಮ ಎಂದೋ ಹೇಳಿದ್ದಾನೆ. ಅಮೆರಿಕದವರು ಹೊಸದಾಗಿ ಏನು ಹೇಳಿದರು? (ನಿವೃತ್ತ ಮಾಸ್ತರು, ಗದಗ)

ಗುರುಗಳೇ, ಗ್ಯಾಟ್ಸ್‌ಬಿಗೆ ಆ ಮಾತು ಅಳತೆ ತಗೊಂಡು ಹೊಲಿದ ಹಾಗಿದೆ. ರಾತ್ರಿ ತನ್ನ ಹಿತ್ತಲಲ್ಲಿ ನಿಂತು ನೀರಿನಾಚೆ ಡೇಸಿಯ ದಂಡೆಯಲ್ಲಿ ಉರಿಯುವ ಹಸಿರು ದೀಪದ ಕಡೆ ಕೈ ಚಾಚುತ್ತಾನಲ್ಲ, ಅದು ಮನದ ಮುಂದಿನ ಆಸೆಯೇ.

ಟಾಮ್‌ಗೆ ಮಾತ್ರ ಅದು ಹೊಂದುವುದಿಲ್ಲ ಅಂತ ನನಗನಿಸುತ್ತದೆ, ಸಿಟ್ಟಾಗಬೇಡಿ. ಅವನ ಮನದ ಮುಂದೆ ಆಸೆಯೇ ಇಲ್ಲ, ಬೇಸರ ಇದೆ. ಪೋಲೋ ಆಡಲು ಕುದುರೆಗಳ ಹಿಂಡನ್ನೇ ಊರಿಂದೂರಿಗೆ ತರಿಸಿಕೊಂಡ ಮನುಷ್ಯ. ಅವನನ್ನು ಕೆಡಿಸಿದ್ದು ಕೇಳದೇ ಸಿಕ್ಕಿದ್ದು. ವಿಲ್ಸನ್ ಅವನ ಹಳೆ ಕಾರು ಕೊಂಡು ಮಾರಿ ನಾಲ್ಕು ಕಾಸು ಉಳಿಸಬೇಕು ಅಂತ ಕಾಯುತ್ತಾನೆ. ಇವನು ಇವತ್ತು ನಾಳೆ ಅಂತ ಆಡಿಸುತ್ತಾ ಅವನ ಹೆಂಡತಿಯ ಜೊತೆಗೇ ಇರುತ್ತಾನೆ. ಅವಳು ಡೇಸಿಯ ಹೆಸರೆತ್ತಿದಳು ಅಂತ ಕೈ ಬೀಸಿ ಹೊಡೆದು ಅವಳ ಮೂಗಿನ ಎಲುಬನ್ನೇ ಮುರಿಯುತ್ತಾನೆ. ಕೊನೆಗೆ ಪಿಸ್ತೂಲು ಹಿಡಿದು ಬಂದ ವಿಲ್ಸನ್‌ಗೆ ಆ ಕಾರು ಗ್ಯಾಟ್ಸ್‌ಬಿಯದ್ದು ಅಂತ ದಾರಿ ತೋರಿಸುವವನೂ ಇವನೇ. ಆಮೇಲೂ ತಾನು ಮಾಡಿದ್ದು ಸರಿ ಅಂತಲೇ ಅವನ ನಂಬಿಕೆ.

ಪ್ರಶ್ನೆ: ಎಲ್ಲರೂ ಡೇಸಿಯನ್ನು ಬೈಯುತ್ತಾರೆ. ಆ ಕಾಲದ ಹೆಣ್ಣುಮಗಳು, ಬೇರೆ ಏನು ಮಾಡಬಹುದಿತ್ತು? (ಗೃಹಿಣಿ, ಹುಬ್ಬಳ್ಳಿ)

ಒಳ್ಳೆಯ ಪ್ರಶ್ನೆ ಅಕ್ಕಾ, ನಾನೂ ಮೂವತ್ತರವರೆಗೆ ಅವಳ ಪರವೇ ಇದ್ದೆ. ಮದುವೆಯ ಹಿಂದಿನ ದಿನದ ದೃಶ್ಯ ಓದಿ. ಟಾಮ್ 3,50,000 ಡಾಲರಿನ ಮುತ್ತಿನ ಸರ ಕೊಟ್ಟಿದ್ದಾನೆ. ಅಂದಾಜು ಬೇಕಾದರೆ, ನಿಕ್ ಇರುವ ಮನೆಯ ಬಾಡಿಗೆ ತಿಂಗಳಿಗೆ 80 ಡಾಲರ್. ಸರದ ಬೆಲೆಯಲ್ಲಿ ಆ ಮನೆಯಲ್ಲಿ 364 ವರ್ಷ ಇರಬಹುದು, ಕೂತು ಲೆಕ್ಕ ಹಾಕಿದ್ದೇನೆ! ಆ ರಾತ್ರಿ ಡೇಸಿ ಕುಡಿದು ಸರವನ್ನು ಕಸದ ಬುಟ್ಟಿಗೆ ಹಾಕುತ್ತಾಳೆ, ಕೈಯಲ್ಲಿ ಒಂದು ಕಾಗದ. ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿದರೂ ಕಾಗದ ಬಿಡುವುದಿಲ್ಲ. ಅದು ನೆಂದು ಮುದ್ದೆಯಾಗಿ ಚೂರುಚೂರಾದ ಮೇಲೆ ಬಿಡುತ್ತಾಳೆ. ಅರ್ಧ ತಾಸಿಗೆ ಸರ ಮತ್ತೆ ಕೊರಳಲ್ಲಿ. ಮರುದಿನ ಮದುವೆ.

ಅಲ್ಲಿ ಅವಳು ಅಳುವುದು ನಿಜವಾದ ಅಳು, ಅದಕ್ಕೆ ನಾನು ಬೈಯುವುದಿಲ್ಲ. ನಿಮ್ಮ ನಮ್ಮ ಮನೆಗಳಲ್ಲೂ ಎಷ್ಟು ಮದುವೆಗಳು ಹೀಗೇ ಆಗಿವೆ.

ಬೈಯುವುದು ಇನ್ನೊಂದು ರಾತ್ರಿಗೆ. ಮರ್ಟಲ್ ಸತ್ತು ಗ್ಯಾರೇಜಿನಲ್ಲಿ ಮಲಗಿದ್ದಾಳೆ. ಡೇಸಿ ಅಡುಗೆಮನೆಯಲ್ಲಿ ಗಂಡನ ಎದುರು ಕೂತಿದ್ದಾಳೆ, ನಡುವೆ ಒಂದು ತಟ್ಟೆಯಲ್ಲಿ ಆರಿದ ಕರಿದ ಕೋಳಿ, ಎರಡು ಬಾಟ್ಲಿ. ಇಬ್ಬರೂ ಮುಟ್ಟಿಲ್ಲ, ಆದರೆ ಅವನ ಕೈ ಅವಳ ಕೈ ಮೇಲಿದೆ. ಹೊರಗೆ ಕತ್ತಲಲ್ಲಿ ಗ್ಯಾಟ್ಸ್‌ಬಿ ಅವಳಿಗೇನಾದರೂ ತೊಂದರೆ ಆದೀತು ಅಂತ ಕಾಯುತ್ತಿದ್ದಾನೆ. ಕಾರು ಓಡಿಸಿದ್ದು ತಾನೇ ಅಂತ ಹೇಳಲೂ ತಯಾರಾಗಿದ್ದಾನೆ. ಅವಳು ಒಂದು ಮಾತು ಆಡಿದ್ದರೆ ಅವನು ಉಳಿಯುತ್ತಿದ್ದ. ಆಡಲಿಲ್ಲ, ಸಾಮಾನು ಕಟ್ಟಿಕೊಂಡು ಗಂಡನ ಜೊತೆ ಊರು ಬಿಟ್ಟಳು. ಅವನು ಸತ್ತ ಮೇಲೆ ಒಂದು ಹೂವೂ ಬರಲಿಲ್ಲ.

ಪ್ರಶ್ನೆ: ರಸ್ತೆಗೆ ಹೊಲ ಹೋಗಿ ನಮ್ಮ ದೊಡ್ಡಪ್ಪನ ಮಗನಿಗೆ ಪರಿಹಾರದ ದುಡ್ಡು ಬಂತು. ಈಗ ವಾರಕ್ಕೊಂದು ಪಾರ್ಟಿ, ಮನೆ ತುಂಬ ಜನ. ಅವನೂ ಗ್ಯಾಟ್ಸ್‌ಬಿನಾ? (ಹೆಸರು ಬೇಡ, ಧಾರವಾಡ ತಾಲ್ಲೂಕು)

ಅವನ ವಿಷಯ ನನಗೆ ಗೊತ್ತಿಲ್ಲ ತಮ್ಮಾ. ಬಂದು ಉಣ್ಣುವವರ ವಿಷಯ ಗೊತ್ತು, ಯಾಕೆಂದರೆ ನಾನು ಅವರಲ್ಲಿ ಒಬ್ಬಳು.

ಗ್ಯಾಟ್ಸ್‌ಬಿಯ ಮನೆಯಲ್ಲಿ ತಿಂಗಳಾನುಗಟ್ಟಲೆ ಉಂಡು ಮಲಗಿದ್ದ ಕ್ಲಿಪ್‌ಸ್ಪ್ರಿಂಗರ್ ಅನ್ನುವವನು ಅವನು ಸತ್ತ ಮೇಲೆ ಫೋನ್ ಮಾಡುತ್ತಾನೆ. ಮಣ್ಣಿಗೆ ಬರುತ್ತೇನೆ ಅಂತ ಹೇಳುವುದಕ್ಕಲ್ಲ, ತನ್ನ ಟೆನಿಸ್ ಬೂಟು ಅಲ್ಲೇ ಉಳಿದಿದೆ, ಕಳಿಸಿಕೊಡಿ ಅನ್ನುವುದಕ್ಕೆ. ನೂರಾರು ಜನ ಕುಣಿದ ಮನೆಯಿಂದ ಆ ದಿನ ಬಂದವರು ನಿಕ್, ದೂರದಿಂದ ಬಂದ ಅಪ್ಪ, ಪಾದ್ರಿ, ನಾಲ್ಕೈದು ಆಳುಗಳು, ಪೋಸ್ಟ್‌ಮನ್, ಮತ್ತೆ ಹಿಂದೊಮ್ಮೆ ಗ್ರಂಥಾಲಯದಲ್ಲಿ ಪುಸ್ತಕ ಎಲ್ಲ ನಿಜವಾದದ್ದೇ, ಅಂಟಿಕೊಂಡ ಹಾಳೆಯ ಅಂಚು ಮಾತ್ರ ಕತ್ತರಿಸಿಲ್ಲ, ಅಂದರೆ ಯಾರೂ ಓದಿಲ್ಲ ಅಂತ ಬೆರಗಾಗಿದ್ದ ಕನ್ನಡಕದ ಅತಿಥಿ.

ಹುಬ್ಬಳ್ಳಿಯಲ್ಲಿ ನಮಗೆ ಬೇಕಾದವರು ಒಬ್ಬರಿದ್ದರು. ಹಬ್ಬಕ್ಕೆ ಅವರ ಮನೆಯಲ್ಲೇ ನಮ್ಮ ಊಟ, ವಾಪಸ್ ಬರುವಾಗ ಹೋಳಿಗೆ ಕಟ್ಟಿ ಕೊಡುತ್ತಿದ್ದರು. ವ್ಯಾಪಾರ ಮುಳುಗಿತು, ಜನ ಕಡಿಮೆಯಾದರು, ನಾವೂ ಕಡಿಮೆಯಾದೆವು. ಅವರು ಹೋದ ದಿನ ನನಗೆ ಅಂಕಣ ಮುಗಿಸಿ ಕಳಿಸುವುದಿತ್ತು, ಫೋನಿನಲ್ಲೇ ಮಾತಾಡಿ ಸುಮ್ಮನಾದೆ. ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್. ಹೋಳಿಗೆ ಕಟ್ಟಿದ ಸ್ಟೀಲ್ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲಿದೆ, ಮುಚ್ಚಳದ ಮೇಲೆ ಅವರ ಹೆಸರು ಕೊರೆದದ್ದು ಹಾಗೇ ಇದೆ. ಅದರಲ್ಲಿ ಅವಲಕ್ಕಿ ಹಾಕಿಟ್ಟಿದ್ದೇನೆ.

ನಿಮ್ಮ ಅಣ್ಣನಿಗೆ ಏನೂ ಹೇಳಬೇಡಿ. ಪಾರ್ಟಿ ಇಲ್ಲದ ದಿನ ನೋಡಿಕೊಂಡು ಹೋಗಿ ಕೂತು ಬನ್ನಿ.

ಪ್ರಶ್ನೆ: ಮೇಡಂ, ಟಾಮ್ ಮರ್ಟಲ್‌ಗೆ ಕೊಡಿಸಿದ ನಾಯಿಮರಿ ಆಮೇಲೆ ಏನಾಯಿತು? ಯಾರೂ ಹೇಳುತ್ತಿಲ್ಲ. (ಪಿಯುಸಿ ವಿದ್ಯಾರ್ಥಿ, ಹಾವೇರಿ)

ಪುಸ್ತಕವೂ ಹೇಳುವುದಿಲ್ಲ ಪುಟ್ಟಾ. ಹತ್ತು ಡಾಲರ್ ಎಸೆದು, ಇದರಲ್ಲಿ ಇನ್ನೂ ಹತ್ತು ನಾಯಿ ಕೊಂಡುಕೋ ಅಂತ ಮಾರುವವನಿಗೆ ಹೀಯಾಳಿಸಿ ಟಾಮ್ ತಂದ ಮರಿ ಅದು. ಲಿಫ್ಟ್ ಹುಡುಗ ಓಡಿಹೋಗಿ ಹಾಲು, ನಾಯಿ ಬಿಸ್ಕತ್ತಿನ ಡಬ್ಬಿ ತಂದ. ಒಂದು ಗಟ್ಟಿ ಬಿಸ್ಕತ್ತು ಸಂಜೆವರೆಗೂ ಹಾಲಿನ ಬಟ್ಟಲಲ್ಲಿ ಬಿದ್ದು ಕರಗಿತು. ದೊಡ್ಡವರೆಲ್ಲ ಕುಡಿಯುತ್ತಿದ್ದರು, ಮರಿ ಮೇಜಿನ ಮೇಲೆ ಕೂತು ಹೊಗೆಯಲ್ಲಿ ಕಣ್ಣು ಕಾಣದೆ ಮೆಲ್ಲಗೆ ನರಳುತ್ತಿತ್ತು. ಮರ್ಟಲ್ ಅದಕ್ಕಂತ ತಂದಿಟ್ಟಿದ್ದ ಬೆಳ್ಳಿ ಹೆಣೆದ ಚರ್ಮದ ಹಗ್ಗ ಆಮೇಲೆ ಅವಳ ಗಂಡನಿಗೆ ಸಿಗುತ್ತದೆ, ಅವನಿಗೆ ಅನುಮಾನ ಬಂದದ್ದೇ ಅದರಿಂದ.

ಎಲ್ಲ ಮುಗಿದ ಮೇಲೆ ಒಂದು ದಿನ ಟಾಮ್ ನಿಕ್‌ಗೆ ಸಿಗುತ್ತಾನೆ. ತನಗೂ ಕಷ್ಟ ಆಯಿತು ಅನ್ನುತ್ತಾನೆ. ಮರ್ಟಲ್ ಜೊತೆ ಸೇರುತ್ತಿದ್ದ ಫ್ಲ್ಯಾಟ್ ಬಿಟ್ಟುಕೊಡಲು ಹೋದಾಗ ನಾಯಿ ಬಿಸ್ಕತ್ತಿನ ಡಬ್ಬಿ ಅಲ್ಲೇ ಕೂತಿತ್ತಂತೆ. ಅದನ್ನು ನೋಡಿ ಕೂತು ಮಗುವಿನ ಹಾಗೆ ಅತ್ತೆ ಅನ್ನುತ್ತಾನೆ. ನಾಯಿಯ ಬಗ್ಗೆ ಏನೂ ಹೇಳುವುದಿಲ್ಲ. ನಿಕ್ ಕೂಡ ಕೇಳುವುದಿಲ್ಲ. ನೀನೊಬ್ಬನೇ ಕೇಳಿದ್ದು.