ಬಟರ್ ಚಿಕನ್ ಅಲ್ಲ, ಗದ್ದೆಯ ಚಿಂತೆ

ಪ್ರಿಯ ಓದುಗರೇ,

ವಾಸ್ಕೋದಿಂದ ನೀವು ಬರೆದ ಪತ್ರ ಓದಿದೆ. ಊರಿಂದ ಬಂದ ನೆಂಟರನ್ನು ಬಾಗಾ ಬೀಚಿಗೆ ಕರೆದುಕೊಂಡು ಹೋದಿರಿ. ಮೆನುವಿನಲ್ಲಿ ಬಟರ್ ಚಿಕನ್, ಪಿಜ್ಜಾ, ಮೊಮೊ ಎಲ್ಲ ಇತ್ತು, ಗೋವಾದ ಹುಳಿ-ಖಾರದ ಮೀನು ಸಾರು ಅಂಬೋಟಿಕ್ ಮಾತ್ರ ಇರಲಿಲ್ಲ. 'ಹೊರಗಿನವರು ಬಂದು ಗೋವಾದ ಊಟ ಕೆಡಿಸಿದರು. ಅವರಲ್ಲಿ ನಾವು ಕನ್ನಡಿಗರೂ ಸೇರಿದ್ದೇವಾ?' ಎಂದು ಕೇಳಿದ್ದೀರಿ.

ಬೇಸರ ನನಗೂ ಇದೆ. ಆದರೆ ಹೊರಗಿನ ರುಚಿಯನ್ನು ದೂರಲು ಮನಸ್ಸಿಲ್ಲ. ಮೆಣಸಿನಕಾಯಿ, ಗೋಡಂಬಿ ಎರಡೂ ಪೋರ್ಚುಗೀಸರ ಜೊತೆ ಅಮೆರಿಕದ ಕಡೆಯಿಂದ ಬಂದವು. ಪಾವ್ ಕೂಡ ಅವರದ್ದೇ. ಇಲ್ಲಿನ ಜನ ತೆಂಗಿನ ಕಳ್ಳು ಹಾಕಿ ಪಾವ್ ಹಿಟ್ಟು ಹುದುಗಿಸಿದರು. ಅದೇ ಕಳ್ಳಿನ ವಿನೆಗರ್ ವಿಂದಾಲು ಎಂಬ ಖಾರದ ಮಾಂಸದ ಸಾರಿಗೆ ಬಿತ್ತು. ಗೋಡಂಬಿ ಹಣ್ಣಿನ ರಸದಿಂದ ಫೆನಿ ಎಂಬ ಮದ್ಯ ಇಳಿಸಿದರು, 2009ರಲ್ಲಿ ಅದಕ್ಕೆ ಇದು ಗೋವಾದ್ದೇ ಎನ್ನುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಇದೆಲ್ಲ ಆಗಲು ತಲೆಮಾರುಗಳೇ ಹಿಡಿದವು. ಬೀಚಿನಲ್ಲಿ ಶ್ಯಾಕ್ (ತಾತ್ಕಾಲಿಕ ಗುಡಿಸಲು ಹೋಟೆಲ್) ನಡೆಸುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಮಳೆಗಾಲ ಬರುವಷ್ಟರಲ್ಲಿ ಹಾಕಿದ ದುಡ್ಡು ವಾಪಸ್ ಬರಬೇಕು. ದೆಹಲಿಯವರಿಗೂ ರಷ್ಯದವರಿಗೂ ಗೊತ್ತಿರುವುದನ್ನೇ ಮಾಡುತ್ತಾರೆ. ಅವರನ್ನು ಸುಮ್ನೆ ಬೈಯುವುದು ಬೇಡ.

ನನ್ನ ಚಿಂತೆ ಇರುವುದು ಖಾಜನ್ ಗದ್ದೆಗಳ ಬಗ್ಗೆ. ಉಬ್ಬರದ ಉಪ್ಪುನೀರನ್ನು ಮಣ್ಣಿನ ಏರಿ ಕಟ್ಟಿ, ತೂಬಿಗೆ ಮರದ ಬಾಗಿಲು ಇಟ್ಟು ತಡೆದು ಮಾಡಿದ ಭೂಮಿ ಅದು. ಕುಮಟಾ ಕಡೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವಂತೆ ಇಲ್ಲಿ ಉಪ್ಪು ತಾಳುವ ಕೊರ್ಗುಟ್ ಭತ್ತ ಬೆಳೆಯುತ್ತದೆ. ತೂಬಿನ ಬಳಿ ಸಿಗಡಿ, ಮೀನು ಸಿಗುತ್ತದೆ. ಒಂದು ಕಡೆ ಏರಿ ಒಡೆದರೆ ಅಕ್ಕಪಕ್ಕದ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಹಾಗಾಗಿ ಊರೇ ಸೇರಿ ಕಾಯಬೇಕು. ಈಗ ವಿಲ್ಲಾ, ರೆಸಾರ್ಟ್ ಕಟ್ಟುವವರು ಜಾಗಕ್ಕೆ ಕೊಡುವ ಬೆಲೆಯ ಮುಂದೆ ಭತ್ತದ ಲೆಕ್ಕ ನಿಲ್ಲುವುದಿಲ್ಲ. ಬೇಸಾಯ ಬಿಟ್ಟವರು ಏರಿಯನ್ನಾದರೂ ಯಾಕೆ ರಿಪೇರಿ ಮಾಡುತ್ತಾರೆ? ಅಂಬೋಟಿಕ್ ಮೆನುವಿಗೆ ನಾಳೆಯೇ ವಾಪಸ್ ಬರಬಹುದು. ಉಪ್ಪು ಕುಡಿದ ಗದ್ದೆ ಅಷ್ಟು ಬೇಗ ವಾಪಸ್ ಬರುವುದಿಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ಇನ್ನು ಕನ್ನಡಿಗರ ವಿಷಯ. ಗೋವಾದ ಮಾರುಕಟ್ಟೆಗೆ ದಿನಾ ಬೆಳಗಾವಿಯಿಂದ ತರಕಾರಿ ಬರುತ್ತದೆ. ಮೀನಿನ ದೋಣಿಗಳಲ್ಲಿ, ಕಟ್ಟಡ ಕೆಲಸದಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ನಮ್ಮವರಿದ್ದಾರೆ. ಸೈಕಲ್ ಹಾರ್ನ್ ಹೊಡೆಯುತ್ತಾ ಪೊಯಿ ಎಂಬ ಗೋವಾದ ಬ್ರೆಡ್ ಮಾರುವವರಲ್ಲೂ ಕನ್ನಡ ಮಾತಾಡುವವರು ಸಿಗುತ್ತಾರೆ. ಇವರೆಲ್ಲ ಗೋವಾಕ್ಕೆ ಊಟ ಹಾಕುತ್ತಿರುವವರು. ಕೆಡಿಸಿದರು ಎಂಬ ಮಾತು ಅವರಿಗೆ ಸಲ್ಲುವುದಿಲ್ಲ.

ನೆಂಟರು ಮತ್ತೆ ಬಂದರೆ ಏನು ತಿನ್ನಿಸಲಿ ಎಂದೂ ಕೇಳಿದ್ದೀರಿ ಅಲ್ವಾ? ಬೀಚ್ ಬಿಟ್ಟು ಮಡಗಾಂವ್ ಪೇಟೆಯ ಒಳಗಿನ ಖಾನಾವಳಿಗೆ ಕರೆದೊಯ್ಯಿರಿ. ಎಲ್ಲರೂ ಕೇಳುವ ಇಸ್ವಾಣ್ ಮೀನು ಬಿಟ್ಟು ಬಂಗುಡೆಯನ್ನೋ ತಾರ್ಲೆಯನ್ನೋ ಕೇಳಿ. ಜೂನ್, ಜುಲೈನಲ್ಲಿ ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಒಣಸಿಗಡಿಯ ಕಿಸ್ಮೂರ್ ತಿನ್ನಿಸಿ, ಅದು ಆ ಕಾಲದ್ದೇ ಊಟ. ಶುಕ್ರವಾರ ಬಂದಿದ್ದರೆ ಮಾಪುಸಾ ಸಂತೆಗೆ ಹೋಗಿ, ಬೆಳೆದವರ ಕೈಯಿಂದಲೇ ಮೊಯ್ರಾ ಬಾಳೆಹಣ್ಣು ಕೊಳ್ಳಿ.

— ಸಂಪಾದಕ